ಪ್ರಸಂಗದ ನಡುವೆ ಮನಸ್ಸು ಓಡಿಹೋಗುತ್ತಿದೆಯಾ? ಶನಿವಾರ ರಾತ್ರಿಯಿಂದ ಸೋಮವಾರದವರೆಗೆ ಮಾಡಬೇಕಾದ ಕೆಲಸ

ಭಾನುವಾರ ಚರ್ಚ್‌ನಿಂದ ಬಂದ ಮೇಲೆ ಯಾರಾದರೂ "ಇವತ್ತು ಪ್ರಸಂಗ ಯಾವುದರ ಮೇಲಿತ್ತು?" ಎಂದು ಕೇಳಿದರೆ ತುಂಬಾ ಜನರಿಗೆ ಉತ್ತರವೇ ಹೊಳೆಯುವುದಿಲ್ಲ. ಪಾಸ್ಟರ್ ಹೇಳಿದ ತಮಾಷೆ ನೆನಪಿರುತ್ತದೆ. ಮುಂದಿನ ಬೆಂಚಿನ ಮಗು ಹಿಂದೆ ತಿರುಗಿ ನಾಲಿಗೆ ಚಾಚಿದ್ದೂ ನೆನಪಿರುತ್ತದೆ. ವಾಕ್ಯ ಯಾವುದು ಅಂದರೆ ತಲೆ ಖಾಲಿ. ಮುಂದಿನ ವಾರ ಗಮನವಿಟ್ಟು ಕೇಳಲೇಬೇಕು ಅಂದುಕೊಳ್ಳುತ್ತಾರೆ. ಮುಂದಿನ ವಾರವೂ ಅದೇ ಕಥೆ.

ಭಕ್ತಿ ಕಮ್ಮಿಯಾಯಿತು ಎಂದು ಕೊರಗುವವರೇ ಜಾಸ್ತಿ. ನನ್ನ ಪ್ರಕಾರ ಎಡವುವುದು ಬೇರೆ ಕಡೆ. ಪ್ರಸಂಗ ಶುರುವಾದ ಮೇಲೆ ಗಮನ ಕೊಡಲು ಹೊರಡುತ್ತೇವೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ರಾತ್ರಿ ಎಷ್ಟು ನಿದ್ದೆಯಾಗಿದೆ, ಎಲ್ಲಿ ಕೂತಿದ್ದೀರಿ, ಕೈಯಲ್ಲಿ ಏನಿದೆ, ವಾಕ್ಯಭಾಗ ಮೊದಲೇ ಓದಿದ್ದೀರಾ ಎಂಬುದೆಲ್ಲ ಆಗಲೇ ಮುಗಿದುಹೋದ ವಿಷಯ. ಉಳಿದಿರುವುದು ಹಲ್ಲು ಕಚ್ಚಿ ಕೂರುವುದು ಮಾತ್ರ. ಹಲ್ಲು ಕಚ್ಚಿ ಹತ್ತು ನಿಮಿಷ ಕೂರಬಹುದು, ನಲವತ್ತು ನಿಮಿಷ ಆಗುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಬ್ಬರು ಮಾತಾಡುವ ವೇಗಕ್ಕಿಂತ ಕೇಳುವವರ ಯೋಚನೆಯ ವೇಗ ಜಾಸ್ತಿ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ತಲೆಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲೇ ಮನಸ್ಸು ಹೊರಗೆ ಹೋಗುವುದು. ಅದನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಕೆಲಸ ಎರಡೇ. ಬಿಡುವಿನ ಹೊತ್ತಿಗೆ ಮನಸ್ಸಿಗೆ ಒಂದು ಕೆಲಸ ಕೊಡುವುದು, ಹೋದ ಮನಸ್ಸನ್ನು ಬೇಗ ಕರೆದುಕೊಂಡು ಬರುವುದು.

ಬೇಕಾದ ಸಾಮಾನು

ಅಂಗೈಯಷ್ಟು ದೊಡ್ಡ ನೋಟ್‌ಬುಕ್. ಒಂದು ಪೆನ್ನು. ಗುಂಡಿ ಒತ್ತುವ ಪೆನ್ನು ಬೇಡ, ಗೊತ್ತಿಲ್ಲದೆ ಟಕ್ ಟಕ್ ಮಾಡುತ್ತಾ ಕೂತು ಪಕ್ಕದವರ ಗಮನವನ್ನೂ ಹಾಳು ಮಾಡುತ್ತೀರಿ. ಅಚ್ಚಾದ ಬೈಬಲ್. ಒಂದು ಕೈಗಡಿಯಾರ, ಟೈಮ್ ನೋಡಲು ಫೋನ್ ತೆಗೆಯಬಾರದು ಎಂಬ ಒಂದೇ ಕಾರಣಕ್ಕೆ. ಶನಿವಾರ ರಾತ್ರಿ ಹದಿನೈದು ನಿಮಿಷ. ಇಷ್ಟು ಸಾಕು.

ಹಂತ 1: ಒಂದು ಭಾನುವಾರ ಸುಮ್ನೆ ಎಣಿಸಿ

ಮೊದಲ ವಾರ ಏನನ್ನೂ ಸರಿಮಾಡಲು ಹೋಗಬೇಡಿ. ಎಂದಿನಂತೆ ಕೂತುಕೊಳ್ಳಿ. ಮನಸ್ಸು ಬೇರೆಲ್ಲೋ ಇದೆ ಎಂದು ಗೊತ್ತಾದಾಗಲೆಲ್ಲ ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಪಕ್ಕ ಒಂದು ಅಕ್ಷರ ಹಾಕಿ. ನಿದ್ದೆಯಾದರೆ "ನಿ". ಮನೆ, ಕೆಲಸ, ದುಡ್ಡಿನ ಯೋಚನೆಯಾದರೆ "ಯೋ". ಸುತ್ತಲಿನ ಸದ್ದು, ಓಡಾಟ, ಫೋನ್ ಆದರೆ "ಸು". "ಇದೆಲ್ಲ ಗೊತ್ತಿರುವುದೇ" ಎಂಬ ಬೇಸರವಾದರೆ "ಬೇ".

ಮನೆಗೆ ಬಂದು ಎಣಿಸಿ. ಯಾವ ಅಕ್ಷರ ಜಾಸ್ತಿ ಇದೆಯೋ ಅಲ್ಲಿಂದಲೇ ನಿಮ್ಮ ಕೆಲಸ ಶುರು. "ನಿ" ಜಾಸ್ತಿ ಇದ್ದವರು ಹಂತ 2 ಮತ್ತು 8 ಮೊದಲು ನೋಡಬೇಕು. "ಯೋ" ಇದ್ದವರಿಗೆ ಹಂತ 7, "ಸು" ಇದ್ದವರಿಗೆ ಹಂತ 4, "ಬೇ" ಇದ್ದವರಿಗೆ ಹಂತ 3.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಗೆರೆ ಎಳೆಯಲು ನಾಚಿಕೆಪಡುವುದು. ಹದಿನೈದು ಗೆರೆ ಬಂದರೂ ಎಳೆಯಿರಿ. ನಿಜ ಹೇಳಬೇಕೆಂದರೆ ಜಾಸ್ತಿ ಗೆರೆ ಬಂದವರು ಹೆಚ್ಚು ಎಚ್ಚರವಾಗಿದ್ದವರು. ಮನಸ್ಸು ಹೋದದ್ದು ಅಷ್ಟು ಸಲ ಅವರ ಗಮನಕ್ಕೆ ಬಂದಿದೆ ಅಲ್ವಾ? ಎರಡೇ ಗೆರೆ ಇದ್ದು ಪ್ರಸಂಗ ನೆನಪಿಲ್ಲ ಎಂದರೆ ಆ ಎರಡು ಸಲವೂ ತುಂಬಾ ದೂರ ಹೋಗಿದ್ದೀರಿ ಎಂದರ್ಥ.

ಹಂತ 2: ಶನಿವಾರ ರಾತ್ರಿಯ ಕೆಲಸ

ದೊಡ್ಡವರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು. ಶನಿವಾರ ರಾತ್ರಿ ಒಂದು ಗಂಟೆಯವರೆಗೆ ಏನೋ ನೋಡುತ್ತಾ ಕೂತು, ಬೆಳಿಗ್ಗೆ ಆರಕ್ಕೆ ಎದ್ದು, ಬೆಚ್ಚಗಿನ ಜಾಗದಲ್ಲಿ ಅಲುಗಾಡದೆ ಕೂತರೆ ಯಾವ ಪ್ರಸಂಗಿಯೂ ನಿಮ್ಮನ್ನು ಎಚ್ಚರವಾಗಿ ಇಡಲಾರ.

ಮಲಗುವ ಮೊದಲು ಒಂದು ಹಾಳೆಯಲ್ಲಿ ಸೋಮವಾರದ ಕೆಲಸಗಳನ್ನು ಬರೆದಿಡಿ. ಕಟ್ಟಬೇಕಾದ ಬಿಲ್ಲು, ಮಾಡಬೇಕಾದ ಫೋನ್, ಆಫೀಸಿನ ತಲೆನೋವು, ಎಲ್ಲ. ಅರ್ಧಕ್ಕೆ ನಿಂತ ಕೆಲಸ ತಲೆಯೊಳಗೆ ಮತ್ತೆ ಮತ್ತೆ ಬಾಗಿಲು ಬಡಿಯುತ್ತದೆ. ಹಾಳೆಯ ಮೇಲೆ ಇಳಿದರೆ ಸದ್ದು ಕಮ್ಮಿಯಾಗುತ್ತದೆ. ಆ ಹಾಳೆಯನ್ನು ಮನೆಯಲ್ಲೇ ಬಿಡಿ.

ಬಟ್ಟೆ, ಬೈಬಲ್, ಕಾಣಿಕೆಯ ದುಡ್ಡು, ಗಾಡಿಯ ಕೀ ಎಲ್ಲ ರಾತ್ರಿಯೇ ಒಂದು ಕಡೆ ಇಡಿ. ಇದೆಂಥ ಸಣ್ಣ ವಿಷಯ ಅನ್ನಿಸಬಹುದು. ಆದರೆ ಬೆಳಿಗ್ಗೆ ಕಾಲುಚೀಲ ಹುಡುಕುತ್ತಾ ಮನೆಯವರ ಮೇಲೆ ರೇಗಿಕೊಂಡು ಹೊರಟರೆ, ಆ ಜಗಳ ಪ್ರಸಂಗದ ಮೊದಲ ಹತ್ತು ನಿಮಿಷ ತಲೆಯೊಳಗೆ ಮುಂದುವರಿಯುತ್ತದೆ. ನನಗೆ ಇದು ಒಂದೆರಡು ಸಲ ಆದದ್ದಲ್ಲ.

ಹಂತ 3: ವಾಕ್ಯಭಾಗವನ್ನು ಮೊದಲೇ ಓದಿ

ಒಂದೇ ಒಂದು ಹಂತ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ಮೊದಲ ಸಲ ಕೇಳುವಾಗ ತಲೆಗೆ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ. ಕಥೆ ಏನು ಎಂದು ತಿಳಿಯಬೇಕು, ಪ್ರಸಂಗಿ ಅದರ ಬಗ್ಗೆ ಏನು ಹೇಳುತ್ತಿದ್ದಾರೆ ಎಂದೂ ಹಿಡಿಯಬೇಕು. ಯಾರು ಯಾರ ಮಗ, ಯಾವ ಊರು ಎಲ್ಲಿದೆ ಎಂದು ಗೊಂದಲವಾದ ಕೂಡಲೇ ಮನಸ್ಸು ಕೈಬಿಡುತ್ತದೆ. ಮೊದಲೇ ಓದಿದ್ದರೆ ಮೊದಲ ಕೆಲಸ ಮುಗಿದಿರುತ್ತದೆ.

ಯಾವ ಭಾಗ ಎಂದು ತಿಳಿಯುವುದು ಕಷ್ಟವಲ್ಲ. ಕಥೋಲಿಕ ಸಭೆಯಲ್ಲಿ ಭಾನುವಾರದ ವಾಚನಗಳು ಮೂರು ವರ್ಷದ ಚಕ್ರದಲ್ಲಿ ಸುತ್ತುತ್ತವೆ. ಎ ವರ್ಷದಲ್ಲಿ ಹೆಚ್ಚಾಗಿ ಮತ್ತಾಯ, ಬಿ ವರ್ಷದಲ್ಲಿ ಮಾರ್ಕ, ಸಿ ವರ್ಷದಲ್ಲಿ ಲೂಕ. ಬೇರೆ ಹಲವು ಸಭೆಗಳು 1992ರಲ್ಲಿ ಪ್ರಕಟವಾದ, ಇದೇ ತರಹದ ಮೂರು ವರ್ಷದ ಪಟ್ಟಿಯನ್ನು ಬಳಸುತ್ತವೆ. ಅಂದರೆ ಮುಂದಿನ ಭಾನುವಾರದ ಪಾಠ ಯಾವುದು ಎಂಬುದು ಇವತ್ತೇ ಗೊತ್ತಿರುತ್ತದೆ. ಪಟ್ಟಿ ಇಲ್ಲದ ಸಭೆಗಳಲ್ಲಿ ಪಾಸ್ಟರ್ ಒಂದೇ ಪುಸ್ತಕವನ್ನು ವಾರವಾರ ಮುಂದುವರಿಸುತ್ತಿದ್ದರೆ ಮುಂದಿನ ಭಾಗ ಊಹಿಸುವುದು ಸುಲಭ. ಅದೂ ಆಗದಿದ್ದರೆ ಕೇಳಿ. "ಮುಂದಿನ ವಾರ ಯಾವ ಭಾಗ, ಓದಿಕೊಂಡು ಬರುತ್ತೇನೆ" ಎಂದರೆ ಬೇಸರಪಡುವ ಪಾಸ್ಟರನ್ನು ನಾನು ನೋಡಿಲ್ಲ.

ಓದುವುದು ಹೀಗೆ. ಮೊದಲ ಸಲ ಜೋರಾಗಿ ಓದಿ. ಎರಡನೇ ಸಲ ನಿಧಾನವಾಗಿ, ನಿಮಗೆ ಅರ್ಥವಾಗದ ಅಥವಾ ಒಪ್ಪಿಗೆಯಾಗದ ಒಂದು ಜಾಗ ಹುಡುಕುತ್ತಾ ಓದಿ. ಆ ಜಾಗದ ಮೇಲೆ ಒಂದು ಪ್ರಶ್ನೆ ಬರೆಯಿರಿ. ಒಂದೇ ಒಂದು.

ಉದಾಹರಣೆಗೆ ಲೂಕ 10ನೇ ಅಧ್ಯಾಯದ ಕೊನೆಯ ಭಾಗ ಎಂದಿಟ್ಟುಕೊಳ್ಳಿ. ಯೇಸು ಮಾರ್ಥಳ ಮನೆಗೆ ಬರುತ್ತಾನೆ. ತಂಗಿ ಮರಿಯಳು ಕೂತು ಕೇಳುತ್ತಾಳೆ. ಮಾರ್ಥಳು ಕೆಲಸದಲ್ಲಿ ಮುಳುಗಿ, ತಂಗಿ ಸಹಾಯಕ್ಕೆ ಬರುತ್ತಿಲ್ಲ ಎಂದು ದೂರುತ್ತಾಳೆ. ನೂರು ಸಲ ಕೇಳಿದ ಕಥೆ. "ಬೇ" ಗೆರೆ ಬೀಳಲು ಹೇಳಿ ಮಾಡಿಸಿದ ಭಾಗ. ಈಗ ಒಂದು ಪ್ರಶ್ನೆ ಬರೆಯಿರಿ: "ಮಾರ್ಥಳೂ ಕೂತುಬಿಟ್ಟಿದ್ದರೆ ಅಡುಗೆ ಯಾರು ಮಾಡಬೇಕಿತ್ತು?" ಇನ್ನು ಪ್ರಸಂಗ ಬೇರೆಯಾಗಿ ಕೇಳುತ್ತದೆ. ಇವರು ನನ್ನ ಪ್ರಶ್ನೆಗೆ ಉತ್ತರ ಕೊಡುತ್ತಾರಾ ಎಂದು ಕಾಯುತ್ತಾ ಕೂರುತ್ತೀರಿ. ಕಾಯುವವನಿಗೆ ನಿದ್ದೆ ಬರುವುದಿಲ್ಲ.

ಎಚ್ಚರ: ವ್ಯಾಖ್ಯಾನ ಪುಸ್ತಕ ತೆಗೆದು ಎಲ್ಲ ಉತ್ತರ ಓದಿಕೊಂಡು ಹೋಗಬೇಡಿ. ಆಗ ನೀವು ಕೇಳುವವರಾಗಿ ಉಳಿಯುವುದಿಲ್ಲ, ಪರೀಕ್ಷೆ ಪೇಪರ್ ತಿದ್ದುವವರಾಗುತ್ತೀರಿ.

ಹಂತ 4: ಹತ್ತು ನಿಮಿಷ ಮೊದಲು ತಲುಪಿ, ಜಾಗ ನೋಡಿ ಕೂತುಕೊಳ್ಳಿ

ಜಾಗ ಆರಿಸುವಾಗ ಕಣ್ಣು ಮತ್ತು ಕಿವಿ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಣ್ಣಿನ ಲೆಕ್ಕ ಸುಲಭ. ನಿಮಗೂ ಪ್ರಸಂಗಿಗೂ ನಡುವೆ ಇರುವ ತಲೆಗಳು ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಇಪ್ಪತ್ತನೇ ಸಾಲಿನಲ್ಲಿ ಕೂತರೆ ಹತ್ತೊಂಬತ್ತು ಸಾಲಿನ ಜನ ಜಡೆ ಸರಿಮಾಡಿಕೊಳ್ಳುವುದು, ಪಿಸುಗುಟ್ಟುವುದು, ಎದ್ದು ಹೋಗುವುದು ಎಲ್ಲ ಕಾಣುತ್ತದೆ. ಬಾಗಿಲ ಪಕ್ಕ, ನಡುದಾರಿಯ ಪಕ್ಕ, ಕಿಟಕಿಯ ಪಕ್ಕ ಬೇಡ. ಕಿಟಕಿಯ ಬಗ್ಗೆ ಬೈಬಲ್‌ನಲ್ಲೇ ಎಚ್ಚರಿಕೆ ಇದೆ. ಅಪೊಸ್ತಲರ ಕೃತ್ಯಗಳು 20ರಲ್ಲಿ, ತ್ರೋವ ಪಟ್ಟಣದಲ್ಲಿ ಪೌಲನು ಮಧ್ಯರಾತ್ರಿಯವರೆಗೆ ಪ್ರಸಂಗ ಮಾಡುತ್ತಾನೆ. ಕಿಟಕಿಯಲ್ಲಿ ಕೂತ ಯೂತಿಖನೆಂಬ ಹುಡುಗ ನಿದ್ದೆ ಹತ್ತಿ ಮೂರನೇ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಆ ಕೋಣೆಯಲ್ಲಿ ತುಂಬಾ ದೀಪಗಳು ಉರಿಯುತ್ತಿದ್ದವು ಎಂದೂ ಬರೆದಿದೆ. ರಾತ್ರಿ, ದೀಪ, ಜನ, ಉದ್ದ ಮಾತು. ಹುಡುಗನನ್ನು ಬೈಯಲು ನನಗಂತೂ ಮನಸ್ಸಾಗುವುದಿಲ್ಲ. ಅವನು ಬದುಕಿದ, ಪೌಲ ಬೆಳಗಾಗುವವರೆಗೆ ಮಾತು ಮುಂದುವರಿಸಿದ.

ಕಿವಿಯ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಎತ್ತರದ ಛಾವಣಿ, ಬರಿ ಗೋಡೆ ಇರುವ ಕಡೆ ಮಾತು ಪ್ರತಿಧ್ವನಿಸಿ ಒಂದರ ಮೇಲೊಂದು ಬೀಳುತ್ತದೆ. ಸ್ಪೀಕರ್‌ನಿಂದ ದೂರ ಹೋದಷ್ಟೂ ಮಾತು ಕಲಸಿಹೋಗುತ್ತದೆ. ಪದ ಬಿಡಿಸಿಕೊಳ್ಳುವುದಕ್ಕೇ ಅರ್ಧ ಶಕ್ತಿ ಖರ್ಚಾದರೆ ಹದಿನೈದು ನಿಮಿಷದಲ್ಲಿ ತಲೆ ಸುಸ್ತಾಗುತ್ತದೆ. ನೀವು ಅದನ್ನು ಬೇಸರ ಎಂದು ತಿಳಿಯುತ್ತೀರಿ. ಮೂರು ಭಾನುವಾರ ಮೂರು ಜಾಗದಲ್ಲಿ ಕೂತು ನೋಡಿ. ಎಲ್ಲಿ ಶ್ರಮವಿಲ್ಲದೆ ಪದ ಕೇಳುತ್ತದೋ ಅದನ್ನೇ ನಿಮ್ಮ ಜಾಗ ಮಾಡಿಕೊಳ್ಳಿ.

ಹರಟೆಯ ಗೆಳೆಯರಿದ್ದರೆ ಅವರ ಜೊತೆ ಮುಗಿದ ಮೇಲೆ ಎಷ್ಟು ಬೇಕಾದರೂ ಮಾತಾಡಿ. ಪಕ್ಕದಲ್ಲಿ ಮಾತ್ರ ಕೂರಬೇಡಿ.

ಹಂತ 5: ಫೋನ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೈಲೆಂಟ್ ಸಾಲದು, ಆಫ್ ಮಾಡಿ. ಜೇಬಿನಲ್ಲಿ ಬೇಡ, ಬ್ಯಾಗಿನ ತಳದಲ್ಲಿಡಿ. ನಡುಗುವ ಫೋನ್ ಕೂಡ "ಯಾರಿರಬಹುದು" ಎಂಬ ಪ್ರಶ್ನೆ ಹುಟ್ಟಿಸುತ್ತದೆ, ಆ ಪ್ರಶ್ನೆ ಐದು ನಿಮಿಷ ತಿನ್ನುತ್ತದೆ. ಕೈಯಲ್ಲಿ ಸ್ಮಾರ್ಟ್‌ವಾಚ್ ಇದ್ದರೆ ಅದರ ನೋಟಿಫಿಕೇಶನ್ ಕೂಡ ನಿಲ್ಲಿಸಿ. ಫೋನ್ ಸೈಲೆಂಟ್ ಮಾಡಿ ವಾಚ್ ಮರೆಯುವವರು ಬಹಳ.

"ನನ್ನ ಬೈಬಲ್ ಫೋನ್‌ನಲ್ಲೇ ಇದೆ" ಎನ್ನುವವರು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್ ಮೊದಲೇ ತೆರೆದಿಡಿ. ವಚನ ಹುಡುಕಲು ಹೋಗಿ ಮೆಸೇಜ್ ಓದುತ್ತಾ ಕೂತದ್ದು ಎರಡು ಸಲ ಆದರೆ ಮೂರನೇ ವಾರ ಪುಸ್ತಕವನ್ನೇ ತನ್ನಿ. ಮನೆಯಲ್ಲಿ ಕಾಯಿಲೆಯವರಿದ್ದು ಕರೆ ಬರಬಹುದು ಎಂಬ ಪರಿಸ್ಥಿತಿ ಬೇರೆ. ಆಗ ಆ ಒಂದು ನಂಬರ್ ಮಾತ್ರ ಬರುವಂತೆ ಸೆಟ್ಟಿಂಗ್ ಮಾಡಿ, ಬಾಗಿಲ ಹತ್ತಿರವೇ ಕೂತುಕೊಳ್ಳಿ.

ಹಂತ 6: ಮೊದಲ ಮೂರು ನಿಮಿಷ, ಆಮೇಲೆ ನೋಟ್ಸ್

ಹಾಡು ಮುಗಿದು ಪ್ರಸಂಗ ಶುರುವಾಗುವ ಹೊತ್ತಿಗೆ ಎಲ್ಲರೂ ಸರಿದು ಕೂರುವುದು, ಕೆಮ್ಮುವುದು, ಹಾಡಿನ ಪುಸ್ತಕ ಇಡುವುದು ನಡೆಯುತ್ತದೆ. ಆದರೆ ಇಡೀ ಪ್ರಸಂಗದ ಬೀಗದ ಕೈ ಹೆಚ್ಚಾಗಿ ಈ ಮೂರು ನಿಮಿಷದಲ್ಲೇ ಇರುತ್ತದೆ. ಪ್ರಸಂಗಿ ಒಂದು ಪ್ರಶ್ನೆ ಎತ್ತುತ್ತಾರೆ, ಇಲ್ಲವೇ ಒಂದು ತೊಂದರೆ ಹೇಳುತ್ತಾರೆ. ಅದನ್ನು ಹಿಡಿದು ಹಾಳೆಯ ಮೇಲ್ಭಾಗದಲ್ಲಿ ಬರೆಯಿರಿ. ಸಿಗದಿದ್ದರೆ "ವಿಷಯ?" ಎಂದು ಬರೆದು ಜಾಗ ಬಿಡಿ. ಮುಂದೆ ಎಲ್ಲಾದರೂ ಸಿಗುತ್ತದೆ.

ಇನ್ನು ನೋಟ್ಸ್. ಇದರಲ್ಲಿ ತಪ್ಪುವವರೇ ಜಾಸ್ತಿ, ನಾನೂ ವರ್ಷಗಟ್ಟಲೆ ತಪ್ಪಿದ್ದೇನೆ. ಒಂದು ಕಾಲದಲ್ಲಿ ಪ್ರತಿ ವಾರ ನಾಲ್ಕು ಪುಟ ತುಂಬಿಸುತ್ತಿದ್ದೆ. ಒಂದು ಭಾನುವಾರ ಪುಸ್ತಕ ಬೆಂಚಿನ ಮೇಲೆ ಮರೆತು ಬಂದೆ. ಮನೆಯಲ್ಲಿ ಒಂದು ಮಾತೂ ನೆನಪಾಗಲಿಲ್ಲ. ಕಿವಿಯಿಂದ ನೇರ ಕೈಗೆ ಹೋಗುತ್ತಿತ್ತು, ನಡುವೆ ತಲೆಗೆ ಕೆಲಸವೇ ಇರಲಿಲ್ಲ.

ಹಾಗಾಗಿ ಒಂದು ಪ್ರಸಂಗಕ್ಕೆ ಒಂದೇ ಪುಟ. ಪ್ರಸಂಗಿಯ ಮಾತನ್ನು ಹಾಗೇ ಇಳಿಸಬೇಡಿ. ಒಂದು ವಿಷಯ ಮುಗಿಯುವವರೆಗೆ ಪೆನ್ನು ಕೆಳಗಿಟ್ಟು ಕೇಳಿ. ಮುಗಿದ ಮೇಲೆ ನಿಮ್ಮ ಮಾತಿನಲ್ಲಿ ಐದಾರು ಪದ ಬರೆಯಿರಿ. ಆ ಮಾರ್ಥಳ ಪ್ರಸಂಗದ ಪುಟ ಹೀಗಿರಬಹುದು:

ಪ್ರಶ್ನೆ: ಸೇವೆ ಮಾಡಿದ್ದೇ ತಪ್ಪಾ?
ಕೆಲಸ ತಪ್ಪಲ್ಲ. ಕೆಲಸದ ನಡುವೆ ಅತಿಥಿಯನ್ನೇ ಮರೆತದ್ದು. ವಚನ 40.
ದೂರು ತಂಗಿಗೆ ಹೇಳಲಿಲ್ಲ, ಯೇಸುವಿಗೆ ಹೇಳಿದಳು. ಯಾಕೆ?
ಹೆಸರು ಎರಡು ಸಲ ಕರೆದ. ಗದರಿಕೆ ಅಲ್ಲ. ವಚನ 41.
ನಾನು: ಮನೆಗೆ ಬಂದವರ ಜೊತೆ ಕೂರುವುದೇ ಇಲ್ಲ.

ಇಷ್ಟೇ. ಕೊನೆಯ ಸಾಲು "ನಾನು" ಎಂದು ಶುರುವಾಗಿದೆ, ಗಮನಿಸಿ. ಆ ಸಾಲು ಬರೆಯಲು ಪ್ರಸಂಗದ ಉದ್ದಕ್ಕೂ ತಲೆ ಕೆಲಸ ಮಾಡುತ್ತಿರುತ್ತದೆ. ಮಾತಿನ ನಡುವಿನ ಬಿಡುವಿಗೆ ಕೊಡಬೇಕು ಎಂದೆನಲ್ಲ, ಆ ಕೆಲಸ ಇದೇ.

ಬೇರೆ ವಚನ ಹೇಳಿದರೆ ಅಧ್ಯಾಯ ಮತ್ತು ವಚನದ ಅಂಕಿ ಮಾತ್ರ ಗುರುತು ಹಾಕಿಕೊಳ್ಳಿ. ಪುಟ ತಿರುವುತ್ತಾ ಹೋದರೆ ನೀವು ಅದನ್ನು ಹುಡುಕುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಾರೆ. ಬೆರೋಯ ಪಟ್ಟಣದವರು ಪೌಲನ ಮಾತು ಕೇಳಿ, ಅದು ಹೌದೋ ಅಲ್ಲವೋ ಎಂದು ದಿನವೂ ಶಾಸ್ತ್ರ ತೆರೆದು ನೋಡುತ್ತಿದ್ದರು ಎಂದು ಅಪೊಸ್ತಲರ ಕೃತ್ಯಗಳು 17ರಲ್ಲಿದೆ. ಆ ಕೆಲಸಕ್ಕೆ ಮನೆಯೇ ಸರಿ.

ನೋಟ್ಸ್ ದಾರಿ ತಪ್ಪುತ್ತಿದೆ ಎಂದು ತಿಳಿಸುವ ಗುರುತುಗಳಿವೆ. ಅಕ್ಷರ ಅಂದವಾಗಿ ಬರೆಯಲು ಶುರುಮಾಡಿದ್ದೀರಿ. ಅಂಚಿನಲ್ಲಿ ಹೂವಿನ ಚಿತ್ರ ಬಂದಿದೆ. ಬಣ್ಣದ ಪೆನ್ನು ತರಬೇಕಿತ್ತು ಅನ್ನಿಸುತ್ತಿದೆ. ಇದಕ್ಕಿಂತ ದೊಡ್ಡ ಗುರುತು ಒಂದಿದೆ: "ಈ ಮಾತು ನಮ್ಮ ಯಜಮಾನರು ಕೇಳಬೇಕಿತ್ತು", "ನಮ್ಮ ಅತ್ತಿಗೆಗೆ ಸರಿಯಾಗಿ ಹೇಳಿದರು" ಎಂದು ಅನ್ನಿಸತೊಡಗುವುದು. ಆ ಕ್ಷಣದಿಂದ ಪ್ರಸಂಗ ನಿಮ್ಮನ್ನು ಬಿಟ್ಟು ಪಕ್ಕದ ಬೆಂಚಿಗೆ ಹೋಗಿದೆ.

ಹಂತ 7: ಮನಸ್ಸು ಹೋಯಿತು, ಈಗೇನು?

ಹೋಗಿಯೇ ಹೋಗುತ್ತದೆ. ವಾಪಸ್ ಬರುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು, ಆ ಹೊತ್ತಿನಲ್ಲಿ ಹುಡುಕಬಾರದು. ನಾನು ಬಳಸುವ ಕ್ರಮ ಇದು:

1. ಹಂತ 1ರಂತೆ ಒಂದು ಗೆರೆ ಎಳೆಯಿರಿ. ಬೈದುಕೊಳ್ಳಬೇಡಿ.
2. ಬಂದ ಯೋಚನೆ ಮುಖ್ಯವಾದದ್ದಾದರೆ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಎರಡು ಪದ ಬರೆಯಿರಿ. "ಗ್ಯಾಸ್ ಬುಕ್", "ಅಣ್ಣನಿಗೆ ಫೋನ್". ಎರಡೇ ಪದ, ಮೂರನೆಯದು ಬೇಡ.
3. ತಲೆ ಎತ್ತಿ ಪ್ರಸಂಗಿಯ ಮುಖ ನೋಡಿ.
4. ಅವರು ಹೇಳುವ ಮುಂದಿನ ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿರುಗಿ ಹೇಳಿಕೊಳ್ಳಿ.
5. ಪುಟದಲ್ಲಿ ಒಂದು ಅಡ್ಡಗೆರೆ ಹಾಕಿ, ಅದರ ಕೆಳಗಿನಿಂದ ಮುಂದುವರಿಸಿ.

ಇಷ್ಟಕ್ಕೆ ಹತ್ತು ಸೆಕೆಂಡು ಸಾಕು. ಇಲ್ಲಿ ಎರಡು ಗುಂಡಿಗಳಿವೆ, ಎಲ್ಲರೂ ಬೀಳುವಂಥವು.

ಮೊದಲನೆಯದು, ತಪ್ಪಿಹೋದ ಭಾಗವನ್ನು ಹುಡುಕುವುದು. "ಈಗ ಏನೋ ಹೇಳಿದರಲ್ಲ, ಏನದು?" ಎಂದು ಪಕ್ಕದವರ ಪುಸ್ತಕಕ್ಕೆ ಇಣುಕುತ್ತೀರಿ. ಅಷ್ಟರಲ್ಲಿ ಇನ್ನೂ ಎರಡು ನಿಮಿಷ ಹೋಯಿತು. ತಪ್ಪಿದ್ದು ತಪ್ಪಿತು, ಬಿಟ್ಟುಬಿಡಿ. ಒಳ್ಳೆಯ ಪ್ರಸಂಗಿ ಮುಖ್ಯವಾದದ್ದನ್ನು ಇನ್ನೊಮ್ಮೆ ಹೇಳಿಯೇ ಹೇಳುತ್ತಾರೆ.

ಎರಡನೆಯದು ಇನ್ನೂ ಜಾಣತನದ್ದು. ದೇವರ ಮನೆಯಲ್ಲಿ ಕೂತು ಇಂಥ ಯೋಚನೆ ಮಾಡಿದೆನಲ್ಲ ಎಂದು ಪಶ್ಚಾತ್ತಾಪಪಡುತ್ತಾ ಕೂರುವುದು. ನೋಡಲು ಭಕ್ತಿಯಂತೆ ಕಾಣುತ್ತದೆ. ಆದರೆ ಆ ಹೊತ್ತಿನಲ್ಲೂ ನೀವು ಪ್ರಸಂಗ ಕೇಳುತ್ತಿಲ್ಲ. ಗ್ಯಾಸ್ ಸಿಲಿಂಡರ್ ಬಗ್ಗೆ ಯೋಚಿಸುತ್ತಿದ್ದವರು ಈಗ ನಿಮ್ಮ ಬಗ್ಗೆಯೇ ಯೋಚಿಸುತ್ತಿದ್ದೀರಿ, ಅಷ್ಟೇ ವ್ಯತ್ಯಾಸ.

ಒಂದು ವಿನಾಯಿತಿ. ಪ್ರಸಂಗದ ಒಂದು ಮಾತು ತಟ್ಟಿ, ಅದರ ಬಗ್ಗೆಯೇ ಮನಸ್ಸು ಆಳವಾಗಿ ಇಳಿದು ನಿಂತರೆ ಎಳೆದು ತರಬೇಡಿ. ಅದು ಕೇಳಿಸಿಕೊಂಡದ್ದರ ಫಲ. ಒಂದು ಸಾಲು ಬರೆದಿಟ್ಟು, ಸಮಾಧಾನವಾದ ಮೇಲೆ ಬನ್ನಿ.

ಹಂತ 8: ತೂಕಡಿಕೆ ಬಂದಾಗ

ಕಣ್ಣು ಎಳೆಯಲು ಶುರುವಾದ ಮೊದಲ ನಿಮಿಷದಲ್ಲೇ ಏನಾದರೂ ಮಾಡಬೇಕು. ತಲೆ ಒಮ್ಮೆ ಜೋತುಬಿದ್ದ ಮೇಲೆ ತಡ. ಬೆನ್ನನ್ನು ಬೆಂಚಿನಿಂದ ಬಿಡಿಸಿ ನೇರ ಕೂತುಕೊಳ್ಳಿ. ಎರಡು ಪಾದವನ್ನೂ ನೆಲಕ್ಕೆ ಒತ್ತಿ ಬಿಡಿ, ಒತ್ತಿ ಬಿಡಿ. ಸ್ವೆಟರ್ ಹಾಕಿದ್ದರೆ ತೆಗೆಯಿರಿ. ಒಂದು ಗುಟುಕು ನೀರು ಕುಡಿಯಿರಿ. ಇದ್ಯಾವುದೂ ಆಗದಿದ್ದರೆ ಸದ್ದಿಲ್ಲದೆ ಎದ್ದು ಹಿಂದೆ ಹೋಗಿ ಗೋಡೆ ಪಕ್ಕ ನಿಂತು ಕೇಳಿ. ಅವಮಾನ ಏನೂ ಇಲ್ಲ. ನೆಹೆಮೀಯ 8ರಲ್ಲಿ ಎಜ್ರನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದುತ್ತಾನೆ. ಅವನು ಗ್ರಂಥ ತೆರೆದ ಕೂಡಲೇ ಜನರೆಲ್ಲ ಎದ್ದು ನಿಲ್ಲುತ್ತಾರೆ.

ಕಣ್ಣು ಮುಚ್ಚಿ ಕೇಳಿದರೆ ಗಮನ ಜಾಸ್ತಿ ಬರುತ್ತದೆ ಎನ್ನುವವರಿದ್ದಾರೆ. ನಿದ್ದೆ ಚೆನ್ನಾಗಿ ಆದವರಿಗೆ ಇರಬಹುದು. ಉಳಿದವರಿಗೆ ಅದು ಜಾರುಬಂಡಿ.

ಕಾಫಿ ನಂಬಿದವರು ಟೈಮ್ ನೋಡಿ ಕುಡಿಯಬೇಕು. ಅದರ ಪರಿಣಾಮ ಪೂರ್ತಿ ಗೊತ್ತಾಗಲು ಸುಮಾರು ಅರ್ಧ ಗಂಟೆ ಬೇಕು. ಹೊಟ್ಟೆ ಬಿರಿಯುವಷ್ಟು ತಿಂದು ಬಂದು ಕೂತರೆ ಕಾಫಿಯೂ ಕೈಕೊಡುತ್ತದೆ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ನಿದ್ದೆ ಬರಿಸುತ್ತವೆ. ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಹೊತ್ತು ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಏಳೆಂಟು ಗಂಟೆ ಮಲಗಿಯೂ ಕೂತಲ್ಲೆಲ್ಲ ನಿದ್ದೆ ಬರುತ್ತಿದೆ, ಜೋರು ಗೊರಕೆ ಇದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಮನೆಯವರು ಹೇಳುತ್ತಾರೆ ಎಂದರೆ ಅದು ಪ್ರಸಂಗದ ತೊಂದರೆ ಅಲ್ಲ. ಸ್ಲೀಪ್ ಆಪ್ನಿಯಾ ಇರಬಹುದು. 1991ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂಪಿಸಿದ ಎಪ್‌ವರ್ತ್ ಸ್ಲೀಪಿನೆಸ್ ಸ್ಕೇಲ್ ಎಂಬ ಪ್ರಶ್ನಾವಳಿಯನ್ನು ಡಾಕ್ಟರುಗಳು ಇದಕ್ಕೆ ಬಳಸುತ್ತಾರೆ. ಎಂಟು ಸಂದರ್ಭಗಳು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಜನರ ನಡುವೆ ಸುಮ್ಮನೆ ಕೂತಾಗ ತೂಕಡಿಕೆ ಬರುತ್ತದೆಯೇ ಎಂಬುದೂ ಆ ಎಂಟರಲ್ಲಿ ಒಂದು. ಒಟ್ಟು 24ರಲ್ಲಿ 10ಕ್ಕಿಂತ ಜಾಸ್ತಿ ಬಂದರೆ ಡಾಕ್ಟರನ್ನು ಕಾಣಬೇಕು. ಗಾಡಿ ಓಡಿಸುವವರಂತೂ ತಡಮಾಡಬಾರದು.

ಹಂತ 9: ಕೊನೆಯ ಐದು ನಿಮಿಷ ಮತ್ತು ಮುಂದಿನ ಒಂದು ಗಂಟೆ

ಪ್ರಸಂಗಿ "ಕೊನೆಯದಾಗಿ" ಎಂದ ಕೂಡಲೇ ಬ್ಯಾಗ್ ಜಿಪ್ ಎಳೆಯುವ ಸದ್ದು ಕೇಳುತ್ತದೆ. ಕೊನೆಯ ಕರೆ, ಅಂದರೆ ಈ ವಾರ ಏನು ಮಾಡಬೇಕು ಎಂಬ ಮಾತು, ಬರುವುದೇ ಆಗ. ಎಷ್ಟೇ ತಪ್ಪಿಸಿಕೊಂಡಿದ್ದರೂ ಈ ಐದು ನಿಮಿಷ ಹಿಡಿದರೆ ಅರ್ಧ ಪ್ರಸಂಗ ಸಿಕ್ಕಂತೆ.

ಎಷ್ಟು ಹೊತ್ತು ನಡೆಯುತ್ತದೆ ಎಂಬ ಅಂದಾಜಿದ್ದರೆ ಕೊನೆಯ ಭಾಗಕ್ಕೆ ಶಕ್ತಿ ಉಳಿಸಿಕೊಳ್ಳಬಹುದು. ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಪ್ರಬೋಧನೆ 8 ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಮಾಡುತ್ತಾರೆ ಎಂದಿದ್ದರು. ಬೇರೆ ಎಷ್ಟೋ ಸಭೆಗಳಲ್ಲಿ ಮುನ್ನುಡಿಗೇ ಅಷ್ಟು ಹೊತ್ತು ಬೇಕು.

ಎದ್ದು ಹೊರಡುವ ಮೊದಲು ಪುಟದ ಕೊನೆಯಲ್ಲಿ ಇಡೀ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆಗಲಿಲ್ಲವೇ? ಎಲ್ಲಿ ದಾರಿ ತಪ್ಪಿತು ಎಂದು ಆ ಪುಟವೇ ತೋರಿಸುತ್ತದೆ. ಆಮೇಲೆ ಒಂದು ಗಂಟೆಯೊಳಗೆ ಅದನ್ನು ಯಾರಿಗಾದರೂ ಬಾಯಲ್ಲಿ ಹೇಳಿ. ಮರೆವಿನ ಬಗ್ಗೆ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದು ಇದನ್ನೇ: ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಕೆಲವು ಗಂಟೆಗಳಲ್ಲೇ ಜಾರಿಹೋಗುತ್ತದೆ, ಆಮೇಲೆ ಜಾರುವ ವೇಗ ಕಮ್ಮಿಯಾಗುತ್ತದೆ. ಸೋಮವಾರ ಬೆಳಿಗ್ಗೆ ಆ ಪುಟವನ್ನು ಒಂದು ನಿಮಿಷ ನೋಡಿ. "ನಾನು" ಎಂದು ಬರೆದ ಸಾಲಿನ ಮುಂದೆ ಆ ವಾರ ಮಾಡುವ ಒಂದು ಕೆಲಸ ಬರೆಯಿರಿ. ಕನ್ನಡಿಯಲ್ಲಿ ಮುಖ ನೋಡಿಕೊಂಡು, ಹೋದ ಮೇಲೆ ಹೇಗಿದ್ದೆ ಎಂದು ಮರೆಯುವವನ ಹೋಲಿಕೆ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದಲ್ಲಿದೆ. ಅದು ಸರಿಯಾಗಿ ಭಾನುವಾರ ಮಧ್ಯಾಹ್ನದ ನಮ್ಮ ಚಿತ್ರವೇ.

ಕೆಲವು ಬೇರೆ ಪರಿಸ್ಥಿತಿಗಳು

ಪುಟ್ಟ ಮಕ್ಕಳಿದ್ದರೆ ಇಡೀ ಪ್ರಸಂಗ ಕೇಳುವ ಆಸೆ ಬಿಡಿ. ಇಬ್ಬರು ದೊಡ್ಡವರಿದ್ದರೆ ಪಾಳಿ ಮಾಡಿಕೊಳ್ಳಿ, ಮೊದಲರ್ಧ ಒಬ್ಬರು, ಎರಡನೇ ಅರ್ಧ ಇನ್ನೊಬ್ಬರು. ಮನೆಗೆ ಹೋಗುವಾಗ ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಹಾಗೆ ಹೇಳಬೇಕು ಎಂಬ ಜವಾಬ್ದಾರಿಯೇ ಗಮನ ಹಿಡಿದಿಡುತ್ತದೆ. ಓದಲು ಬರುವ ಮಗುವಿಗೆ ಒಂದು ಪದ ಕೊಟ್ಟು, ಅದು ಕೇಳಿದಾಗಲೆಲ್ಲ ಗುರುತು ಹಾಕು ಎನ್ನಿ.

ಮನೆಯಲ್ಲಿ ಕೂತು ಲೈವ್ ನೋಡುವುದಾದರೆ ದೊಡ್ಡ ಪರದೆಯಲ್ಲಿ ನೋಡಿ. ಫೋನ್ ಬೇರೆ ಕೋಣೆಯಲ್ಲಿರಲಿ. ಮಂಚದ ಮೇಲೆ ಬೇಡ, ಕುರ್ಚಿಯಲ್ಲಿ ಕೂತುಕೊಳ್ಳಿ. ನಿಲ್ಲಿಸಿ ಮತ್ತೆ ನೋಡಬಹುದು ಎಂಬ ಅನುಕೂಲವೇ ಇಲ್ಲಿ ಶತ್ರು. ಒಮ್ಮೆ ನಿಲ್ಲಿಸಿದ್ದನ್ನು ಆ ದಿನ ಮತ್ತೆ ಹಾಕುವವರು ಕಮ್ಮಿ.

ಮುಂದೆ ಕೂತರೂ ಮಾತು ಮಸುಕಾಗಿ ಕೇಳುತ್ತಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಹಿಯರಿಂಗ್ ಏಡ್ ಇರುವವರು ಚರ್ಚ್‌ನಲ್ಲಿ ಇಂಡಕ್ಷನ್ ಲೂಪ್ (ಮೈಕಿನ ಮಾತನ್ನು ತಂತಿ ಇಲ್ಲದೆ ಹಿಯರಿಂಗ್ ಏಡ್‌ಗೆ ಕಳಿಸುವ ವ್ಯವಸ್ಥೆ) ಹಾಕಿದ್ದಾರಾ, ತಮ್ಮ ಹಿಯರಿಂಗ್ ಏಡ್‌ನಲ್ಲಿ ಅದನ್ನು ಹಿಡಿಯುವ ಟೆಲಿಕಾಯಿಲ್ ಎಂಬ ಸಣ್ಣ ಸುರುಳಿ ಇದೆಯಾ ಎಂದು ವಿಚಾರಿಸಿ. ಎರಡೂ ಇದ್ದರೆ ಮೈಕಿನ ಮಾತು ನೇರವಾಗಿ ಕಿವಿಗೇ ಬರುತ್ತದೆ, ಸುತ್ತಲಿನ ಗದ್ದಲ ಬರುವುದಿಲ್ಲ.

ಇನ್ನು ಪ್ರಸಂಗವೇ ಸಪ್ಪೆಯಾಗಿದ್ದರೆ? ಆಗುತ್ತದೆ. ಪ್ರಸಂಗಿಗಳೂ ನಿದ್ದೆಗೆಟ್ಟು ಬಂದಿರುತ್ತಾರೆ. ಅಂಥ ದಿನ ಒಂದೇ ಒಂದು ಮಾತು ಸಿಗಲಿ ಎಂದು ಕೂತುಕೊಳ್ಳಿ. ಅದೂ ಸಿಗದಿದ್ದರೆ ತೆರೆದಿಟ್ಟ ವಾಕ್ಯಭಾಗವನ್ನೇ ಮತ್ತೆ ಓದಿ, ಶನಿವಾರ ಬರೆದ ಪ್ರಶ್ನೆಗೆ ನೀವೇ ಉತ್ತರ ಹುಡುಕಿ. ಒಪ್ಪಿಗೆಯಾಗದ ಮಾತು ಬಂದರೆ "ಕೇಳಬೇಕು" ಎಂದು ಗುರುತು ಹಾಕಿ ಮುಂದೆ ಹೋಗಿ. ತಲೆಯೊಳಗೆ ವಾದ ಶುರುಮಾಡಿದರೆ ಉಳಿದದ್ದೆಲ್ಲ ಹೋಗುತ್ತದೆ.

ಯಾವ ವಾರ ಯಾವುದು

ಎಲ್ಲವನ್ನೂ ಮುಂದಿನ ಭಾನುವಾರವೇ ಶುರುಮಾಡಬೇಡಿ. ಮೊದಲ ವಾರ ಎಣಿಕೆ ಮಾತ್ರ. ಎರಡನೇ ವಾರ ಜಾಗ ಮತ್ತು ಫೋನ್. ಮೂರನೇ ವಾರ ವಾಕ್ಯಭಾಗ ಓದಿ ಒಂದು ಪ್ರಶ್ನೆ. ನಾಲ್ಕನೇ ವಾರ ಒಂದು ಪುಟದ ನೋಟ್ಸ್ ಮತ್ತು ವಾಪಸ್ ಬರುವ ಕ್ರಮ. ಐದನೇ ವಾರ ಗೆರೆಗಳನ್ನು ಮತ್ತೆ ಎಣಿಸಿ, ಮೊದಲ ವಾರದ ಪುಟದ ಪಕ್ಕ ಇಟ್ಟು ನೋಡಿ. ಹದಿನಾಲ್ಕು ಇದ್ದದ್ದು ಎಂಟಾಗಿದ್ದರೆ ಕೆಲಸ ಸರಿದಾರಿಯಲ್ಲಿದೆ. ಹದಿನಾಲ್ಕೇ ಇದ್ದು, ಪ್ರಸಂಗವನ್ನು ಒಂದು ವಾಕ್ಯದಲ್ಲಿ ಹೇಳಲು ಬಂದರೆ ಅದೂ ಸರಿಯೇ, ಬೇಗ ಬೇಗ ವಾಪಸ್ ಬರುತ್ತಿದ್ದೀರಿ. ಒಂದೂ ಗೆರೆ ಇಲ್ಲದಿದ್ದರೆ ಮಾತ್ರ ಸ್ವಲ್ಪ ಅನುಮಾನ ಪಡಿ. ಎಣಿಸುವುದನ್ನೇ ಮರೆತು ಎಲ್ಲೋ ಹೋಗಿದ್ದಿರಬಹುದು.